ಮೂರು ಪಟ್ಟಿ, ಒಂದು ಮೇಜು

"ಹೊಟ್ಟೆ ನೋವು ಅಂದ್ರೆ ನೋವು. ನಾನು ಶಾಲೆಗೆ ಹೋಗಲ್ಲ."

ಏಳು ವರ್ಷದ ಹುಡುಗಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದಳು. ಆ ವಾರದಲ್ಲಿ ಇದು ಮೂರನೇ ಸಲ. ಅಮ್ಮ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದು ಕೈಯಲ್ಲಿ ಮಗಳ ಶೂ ಹಿಡಿದುಕೊಂಡು ಗಂಡನ ಮುಖ ನೋಡಿದಳು. ಮಕ್ಕಳಿರುವ ಯಾವ ಮನೆಯಲ್ಲಿ ಈ ನಾಟಕ ನಡೆದಿಲ್ಲ, ಹೇಳಿ?

"ಶಾಲೆ ಗಂಟೆ ಹೊಡೆದು ಮುಗಿದ ಮೇಲೆ ನೋವು ತಾನಾಗೇ ಮಾಯ ಆಗತ್ತೆ, ನೋಡ್ತಿರಿ," ಎಂದಳು ಅಜ್ಜಿ, ಮಂಚದ ಮೇಲಿಂದ. "ಇವರಪ್ಪನೂ ಹೀಗೇ. ಲೆಕ್ಕದ ಪರೀಕ್ಷೆ ಇದ್ದ ದಿನ ಇವನಿಗೆ ತಪ್ಪದೆ ಜ್ವರ."

ಅಪ್ಪ ನಗಲಿಲ್ಲ. ಅವನು ಬ್ಯಾಟರಿ ಕಾರ್ಖಾನೆಯಲ್ಲಿ ಮೇಸ್ತ್ರಿ. ಸೀಸವನ್ನು ಕರಗಿಸಿ ಫಲಕ ಮಾಡಿ, ಉಜ್ಜಿ, ಜೋಡಿಸುವ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದ. ಈಗ ಅಲ್ಲಿನ ಇಪ್ಪತ್ತೆರಡು ಜನರ ಮೇಲ್ವಿಚಾರಣೆ ಅವನದು. ಬೀದಿಗೆಲ್ಲ ಅವನು ಮೇಸ್ತ್ರಿ. ಸಿಟ್ಟು ಬಂದಾಗ ಹೆಂಡತಿಗೂ ಮೇಸ್ತ್ರಿ. ಮಗಳನ್ನು ಗಿಣಿ ಎಂದು ಕರೆಯಲು ಶುರುಮಾಡಿದವನು ಅವನೇ, ಯಾಕೆಂದರೆ ಎರಡು ತುಂಬುವ ಮೊದಲೇ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಐದು ವರ್ಷಕ್ಕೆ ಮನೆಯಿಂದ ಶಾಲೆಯವರೆಗಿನ ಹನ್ನೊಂದು ಬಸ್ ನಿಲ್ದಾಣಗಳ ಹೆಸರನ್ನು ಕಂಡಕ್ಟರಿನ ಹಾಗೆ ಮೂಗಿನಲ್ಲಿ ಕೂಗಿ ಇಡೀ ಬಸ್ಸನ್ನು ನಗಿಸುತ್ತಿದ್ದಳು. ಈಚೆಗೆ ಕೆಲವು ತಿಂಗಳಿಂದ ಆ ಬಾಯಿ ಕಟ್ಟಿಹೋಗಿತ್ತು.

ಸಂಜೆ ಅಪ್ಪ ಬರುವ ಹೊತ್ತಿಗೆ ಮಾತ್ರ ಅವಳಿಗೆ ಜೀವ ಬರುತ್ತಿತ್ತು. ಅವನು ಶೂ ಬಿಚ್ಚುವುದರೊಳಗೆ ಓಡಿಬಂದು ಜೋತುಬೀಳುತ್ತಿದ್ದಳು. ಅವನೂ ಬೂದಿಬಣ್ಣದ ಧೂಳು ಕೂತ ಅಂಗಿಯಲ್ಲೇ ಎತ್ತಿಕೊಳ್ಳುತ್ತಿದ್ದ. ಅವಳು ಭುಜಕ್ಕೆ ಮುಖ ಒತ್ತಿ, ಅಲ್ಲೇ ಹೆಬ್ಬೆರಳು ಚೀಪುತ್ತ ಮಲಗುವುದೂ ಇತ್ತು. "ಮೊದಲು ಆ ಬಟ್ಟೆ ಬಿಚ್ಚಬಾರದಾ?" ಎಂದು ಹೆಂಡತಿ ಗೊಣಗಿದರೆ, "ದುಡಿಯೋನ ಮೈಮೇಲೆ ಧೂಳಿಲ್ಲದೆ ಅತ್ತರು ಇರತ್ತಾ?" ಎನ್ನುತ್ತಿದ್ದ. ಆ ಬಟ್ಟೆಯೂ ಮಗಳ ಫ್ರಾಕೂ ಒಂದೇ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು.

ಆ ದಿನವೇ ಶಾಲೆಯಿಂದ ಕರೆ ಬಂತು. ಮಧ್ಯಾಹ್ನದ ಬಿಡುವಿನಲ್ಲಿ ಮೇಸ್ತ್ರಿ ಹೋದ. ಹೆಡ್‌ಮಾಸ್ತರರ ಕೋಣೆಯ ಹೊರಗೆ ಗೋಡೆಯ ಮೇಲೆ ಒಂದು ದೊಡ್ಡ ಫೋಟೋ ತೂಗುಹಾಕಿತ್ತು. ಅವನ ಕಾರ್ಖಾನೆಯ ಮ್ಯಾನೇಜರು, ಹೆಡ್‌ಮಾಸ್ತರು, ಆರೋಗ್ಯ ಇಲಾಖೆಯ ದೊಡ್ಡ ಅಧಿಕಾರಿ, ಮೂವರೂ ಕೈಕುಲುಕುತ್ತಿದ್ದರು. ಕೆಳಗೆ ‘ನಮ್ಮ ಪಾಲುದಾರರು’ ಎಂದು ಬರೆದಿತ್ತು. ಎರಡು ವರ್ಷದ ಹಿಂದೆ, ಮಕ್ಕಳಿಗಾಗಿ ಮೂವರೂ ಸೇರಿ ದುಡಿಯುವ ಒಪ್ಪಂದಕ್ಕೆ ಸಹಿ ಬಿದ್ದ ದಿನ ತೆಗೆದದ್ದು. ಆಮೇಲೆ ಆ ಮೂವರೂ ಒಂದು ಕೋಣೆಯಲ್ಲಿ ಕೂತದ್ದಿಲ್ಲ. ಒಪ್ಪಂದದ ಕಾಗದ ಬೀರು ಸೇರಿತ್ತು. ವರ್ಷಕ್ಕೊಮ್ಮೆ ಕಾರ್ಖಾನೆಯಿಂದ ಮಕ್ಕಳಿಗೆ ಚೀಲ ಬರುತ್ತಿದ್ದವು, ಚಪ್ಪಾಳೆ ಬೀಳುತ್ತಿತ್ತು, ಅಲ್ಲಿಗೆ ಪಾಲುದಾರಿಕೆ ಮುಗಿಯುತ್ತಿತ್ತು.

"ಕೂತ್ಕೊಳ್ಳಿ ಮೇಸ್ತ್ರಿ," ಎಂದರು ಗಿಣಿಯ ಟೀಚರು. ಅವರಿಗೆ ಐವತ್ತರ ಮೇಲಾಗಿತ್ತು, ದನಿ ಮೆತ್ತಗೆ. "ಗಿಣಿ ಹೋದ ವರ್ಷ ಓದ್ತಿದ್ದ ಪಾಠಾನ ಈ ವರ್ಷ ಓದಕ್ಕೆ ಆಗ್ತಿಲ್ಲ. ನಿಧಾನವಾಗಿ ಕಲಿಯೋ ಮಕ್ಕಳನ್ನ ಬೇಕಾದಷ್ಟು ನೋಡಿದೀನಿ. ಕಲಿತಿದ್ದೇ ಹೀಗೆ ಜಾರಿಹೋಗೋದನ್ನ ನೋಡಿಲ್ಲ."

"ಸರಿಯಾಗಿ ಕಲಿಸಿದ್ರೆ ಯಾಕೆ ಜಾರತ್ತೆ ಟೀಚರ್?"

ಮಾತು ಒರಟಾಗಿತ್ತು. ಟೀಚರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೇಜಿನ ಡ್ರಾದಿಂದ ಒಂದು ಹಾಳೆ ತೆಗೆದರು.

"ಇವಳೊಬ್ಬಳೇ ಅಲ್ಲ. ಇನ್ನೂ ನಾಲ್ಕು ಮಕ್ಕಳು ಹೀಗೇ. ಹೊಟ್ಟೆ ನೋವು, ಸಿಡುಕು, ಮರೆವು. ಐದೂ ಜನ ನಿಮ್ಮ ಕಾರ್ಖಾನೆಯವರ ಮಕ್ಕಳು. ಇದು ಯಾಕೆ ಅಂತ ನನಗೆ ಗೊತ್ತಿಲ್ಲ. ಯಾರನ್ನ ಕೇಳಬೇಕು ಅಂತಾನೂ ಗೊತ್ತಾಗ್ತಿಲ್ಲ."

"ನಮ್ಮ ಕಾರ್ಖಾನೇಲಿ ಮುನ್ನೂರು ಜನ ಇದಾರೆ. ಬೀದಿಗೆ ನಾಲ್ಕು ಮಕ್ಕಳು ನಮ್ಮೋರದ್ದೇ ಇರ್ತವೆ. ಅದರಲ್ಲೇನು ವಿಶೇಷ?" ಎಂದು ಮೇಸ್ತ್ರಿ ಎದ್ದ. ಆದರೆ ಅವನಿಗೊಂದು ವಿಷಯ ಗೊತ್ತಿತ್ತು.

ಅದೇನೆಂದು ಈಗಲೇ ಹೇಳಿಬಿಡುತ್ತೇನೆ, ಮುಚ್ಚುಮರೆ ಯಾಕೆ. ಆರು ತಿಂಗಳಿಗೊಮ್ಮೆ ಕಾರ್ಖಾನೆಯ ಡಾಕ್ಟರು ಕೆಲಸಗಾರರ ರಕ್ತ ತೆಗೆದು, ಅದರಲ್ಲಿ ಸೀಸ ಎಷ್ಟಿದೆಯೆಂದು ನೋಡಿ, ಅವರವರ ಕೈಗೇ ಚೀಟಿ ಕೊಡುತ್ತಿದ್ದರು. ಚೀಟಿಯನ್ನು ಮೇಸ್ತ್ರಿಗೆ ಕೊಡಬೇಕು, ಮೇಸ್ತ್ರಿ ಆಫೀಸಿಗೆ ಕೊಡಬೇಕು. ಅಂಕಿ ಹೆಚ್ಚಿದ್ದವರನ್ನು ಕೂಡಲೇ ಪ್ಯಾಕಿಂಗಿಗೆ ಹಾಕುತ್ತಿದ್ದರು. ಅಲ್ಲಿ ಓವರ್‌ಟೈಮ್ ಇಲ್ಲ, ಮಾನವೂ ಇಲ್ಲ. ಹಾಗಾಗಿ ಆ ವಿಭಾಗದಲ್ಲಿ ಒಂದು ಗುಟ್ಟಿನ ರೂಢಿ ಬೆಳೆದಿತ್ತು. ಹೆಚ್ಚಿನ ಅಂಕಿಯ ಚೀಟಿ ಬಂದರೆ ಮೇಸ್ತ್ರಿ ಅದನ್ನು ಮಡಚಿ ವಾಪಸು ಕೊಡುತ್ತಿದ್ದ. "ಇಟ್ಕೋ. ಮುಂದಿನ ಸಲ ನೋಡೋಣ. ಹಾಲು ಕುಡಿ." ಆಫೀಸಿಗೆ ಹೋಗುತ್ತಿದ್ದದ್ದು ಒಳ್ಳೆಯ ಚೀಟಿಗಳು ಮಾತ್ರ, ಬಾರದ ಚೀಟಿಯನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಇದು ತನ್ನವರಿಗೆ ಮಾಡುವ ಉಪಕಾರ. ಅವನದೇ ಹೋದ ಸಲದ ಚೀಟಿ ಮನೆಯಲ್ಲಿ ಗಡ್ಡ ಹೆರೆಯುವ ಸಾಮಾನಿನ ಡಬ್ಬಿಯಲ್ಲಿ, ಬ್ಲೇಡುಗಳ ಅಡಿಯಲ್ಲಿತ್ತು.

ಪಕ್ಕದ ಮನೆಯಲ್ಲಿದ್ದವಳು ಆರೋಗ್ಯ ಕೇಂದ್ರದ ನರ್ಸು. ಬೀದಿಯವರಿಗೆಲ್ಲ ನರ್ಸಕ್ಕ. ಭಾನುವಾರ ಬೆಳಿಗ್ಗೆ ಬಂದವಳು ಸುತ್ತಿ ಬಳಸಿ ಮಾತಾಡಲಿಲ್ಲ.

"ಗಿಣಿಗೆ ಮೂರು ತಿಂಗಳಿಂದ ಕಬ್ಬಿಣದ ಮಾತ್ರೆ ಕೊಡ್ತಿದೀನಿ. ರಕ್ತ ಏರ್ತಾನೇ ಇಲ್ಲ. ನನ್ನ ರಿಜಿಸ್ಟರಲ್ಲಿ ಹೀಗೆ ಮಾತ್ರೆಗೆ ಬಗ್ಗದಿರೋ ಮಕ್ಕಳು ಏಳು ಜನ ಇದಾರೆ. ನನಗೊಂದು ಅನುಮಾನ ಇದೆ. ಸೀಸ. ಅದು ಮೈಗೆ ಸೇರಿದ್ರೆ ಮಕ್ಕಳ ರಕ್ತಾನೂ ಕೆಡತ್ತೆ, ತಲೇನೂ ಮಂಕಾಗತ್ತೆ."

"ಸೀಸ ಕಾರ್ಖಾನೇಲಿರತ್ತೆ. ಮಗು ಶಾಲೇಲಿರತ್ತೆ," ಎಂದ ಮೇಸ್ತ್ರಿ.

"ಮತ್ತೆ ನೀನೆಲ್ಲಿರ್ತೀಯ?"

ನರ್ಸಕ್ಕ ನೆಲದ ಮೇಲೆ ಅವನೆದುರಿಗೆ ಕೂತಳು.

"ಟೀಚರ ಹತ್ರ ಒಂದು ಪಟ್ಟಿ ಇದೆ, ನನ್ನ ಹತ್ರ ಒಂದಿದೆ. ಮೂರನೇದು ನಿಮ್ಮ ಕಾರ್ಖಾನೇಲಿದೆ, ಯಾರ ಮೈಯಲ್ಲಿ ಎಷ್ಟು ಸೀಸ ಅನ್ನೋದು. ಮೂರನ್ನೂ ಒಂದೇ ಮೇಜಿನ ಮೇಲಿಡದೆ ಇದು ಗೊತ್ತಾಗಲ್ಲ. ಶನಿವಾರ ಶಾಲೇಲಿ ಸೇರ್ತಿದೀವಿ. ಮ್ಯಾನೇಜರಿಗೂ ಹೇಳಿದೀನಿ. ನೀನು ಬಾ."

"ಅಯ್ಯೋ ನರ್ಸಕ್ಕ, ಶಾಲೆ, ಆಸ್ಪತ್ರೆ, ಕಾರ್ಖಾನೆ ಸೇರಿ ಏನು ಮಾಡ್ತೀರಿ? ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗಾಗತ್ತೆ. ಇನ್ನೊಂದು ಫೋಟೋ ತೆಗೀತೀರಿ, ಅಷ್ಟೇ."

"ಇರಬಹುದು. ನಿನ್ನ ಮಗಳ ರಕ್ತ ಮಾತ್ರ ಇವತ್ತು ತೊಗೊಂಡು ಹೋಗ್ತೀನಿ."

"ಬೇಡ."

"ತೊಗೋ ಅಕ್ಕ," ಎಂದಳು ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು. "ಅವಳು ನನ್ನ ಮಗಳೂ ಹೌದು."

ದೊಡ್ಡಾಸ್ಪತ್ರೆಯಿಂದ ವರದಿ ಗುರುವಾರ ಬಂತು. ಆ ಸಂಜೆ ಮೇಸ್ತ್ರಿ ಎಂದಿನಂತೆ ಮೆಟ್ಟಿಲು ಹತ್ತಿದ. ಎಂದಿನಂತೆ ಗಿಣಿ ಓಡಿಬಂದಳು. ಅರ್ಧ ದಾರಿಯಲ್ಲಿ ಅಮ್ಮ ಅವಳ ತೋಳು ಹಿಡಿದು ಎಳೆದುಕೊಂಡಳು.

"ಮುಟ್ಟಬೇಡ! ಅಪ್ಪನ್ನ ಮುಟ್ಟಬೇಡ!"

ಮಗು ಕಿರುಚಿ ಅತ್ತಿತು. ಹೆಂಡತಿ ಕೈಯಲ್ಲಿದ್ದ ಕಾಗದವನ್ನು ಅವನತ್ತ ಚಾಚಿದಳು. "ಸೀಸ ಇದೆಯಂತೆ. ತುಂಬಾ ಇದೆಯಂತೆ. ಮಕ್ಕಳಿಗೆ ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಅಂಕಿನೇ ಇಲ್ವಂತೆ, ಸೋಮವಾರ ಅಡ್ಮಿಟ್ ಮಾಡಬೇಕಂತೆ. ನೀನು ಒಳಗೆ ಬರಬೇಡ ಮೇಸ್ತ್ರಿ. ಹಿತ್ತಲಲ್ಲಿ ನೀರಿಟ್ಟಿದೀನಿ, ಮೊದಲು ಬಟ್ಟೆ ತೆಗಿ."

ಅವನು ಹಿತ್ತಲಿನಲ್ಲಿ ಬಕೆಟ್ಟಿನ ಮುಂದೆ ನಿಂತು ಮೈಗೆ ನೀರು ಸುರಿದುಕೊಂಡ. ಕಿಟಕಿಯೊಳಗಿಂದ ಅಜ್ಜಿ ಮೊಮ್ಮಗಳನ್ನು ಸಮಾಧಾನ ಮಾಡುವುದು ಕೇಳಿಸುತ್ತಿತ್ತು. "ಎಲ್ಲಿ ಕಂಡಕ್ಟರಮ್ಮ, ನಿಲ್ದಾಣ ಕೂಗು ನೋಡೋಣ." ಬಿಕ್ಕುತ್ತಲೇ ಗಿಣಿ ಶುರುಮಾಡಿದಳು. ಒಂದು, ಎರಡು, ಮೂರು. ನಾಲ್ಕನೆಯದರ ನಂತರ ತಡೆಯಿತು. ಮತ್ತೆ ಮೊದಲಿನಿಂದ ಕೂಗಿದಳು. ಮತ್ತೆ ಅಲ್ಲೇ ನಿಂತಿತು. "ಅಜ್ಜಿ, ಆಮೇಲೆ ಯಾವುದು? ನನಗೆ ಗೊತ್ತಿತ್ತು ಅಜ್ಜಿ."

ಮೇಸ್ತ್ರಿ ಒದ್ದೆ ಮೈಯಲ್ಲೇ ಕುಕ್ಕರಿಸಿ ಕೂತು ಅತ್ತ. ಅವನು ಅಳುವ ಗಂಡಸಲ್ಲ. ತಂದೆ ಹೋದಾಗಲೂ ಹಲ್ಲು ಕಚ್ಚಿಕೊಂಡು ನಿಂತಿದ್ದವನು. ಮೈ ಒರೆಸಿಕೊಂಡು ಒಳಗೆ ಹೋಗಿ ಡಬ್ಬಿ ತೆಗೆದ, ಬ್ಲೇಡುಗಳನ್ನು ಸರಿಸಿ ಚೀಟಿ ಎತ್ತಿಕೊಂಡು ಪಕ್ಕದ ಮನೆಯ ಬಾಗಿಲು ಬಡಿದ.

"ಶನಿವಾರ ಎಷ್ಟು ಗಂಟೆಗೆ ನರ್ಸಕ್ಕ?"

ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ದೊಡ್ಡ ಮೇಜಿರಲಿಲ್ಲ. ಮಕ್ಕಳ ಡೆಸ್ಕು ಮೂರನ್ನು ಜೋಡಿಸಿದ್ದರು. ಮ್ಯಾನೇಜರು ಬಂದವರೇ ತಮ್ಮ ಕಾರ್ಖಾನೆ ಶಿಕ್ಷಣಕ್ಕೆ ಎಷ್ಟು ಮಾಡುತ್ತಿದೆಯೆಂದು ಹೇಳಲು ಶುರುಮಾಡಿದರು. ಜೊತೆಗೆ ಕ್ಯಾಮೆರಾದವನನ್ನೂ ಕರೆತಂದಿದ್ದರು. ಹೆಡ್‌ಮಾಸ್ತರು ಫೋಟೋಗೆಂದು ಟೈ ಸರಿಮಾಡಿಕೊಂಡರು. ಹತ್ತು ನಿಮಿಷ ಒಬ್ಬರು ಇನ್ನೊಬ್ಬರನ್ನು ಹೊಗಳುವುದರಲ್ಲೇ ಹೋಯಿತು.

"ಸಾರ್, ಇವತ್ತು ಫೋಟೋ ಬೇಡ," ಎಂದರು ಟೀಚರು. "ನಾವು ಏನು ಮಾಡಿದೀವಿ ಅಂತ ಆಮೇಲೆ ಹೇಳೋಣ. ನಮಗೆ ಏನು ಗೊತ್ತಿಲ್ಲ ಅಂತ ಮೊದಲು ಹೇಳೋಣ. ನನಗೆ ಈ ಐದು ಮಕ್ಕಳು ಯಾಕೆ ಮರೀತಿದಾರೆ ಅಂತ ಗೊತ್ತಿಲ್ಲ." ಪಟ್ಟಿಯನ್ನು ಡೆಸ್ಕಿನ ಮೇಲಿಟ್ಟರು.

ನರ್ಸಕ್ಕ ತನ್ನ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟಳು. ಆಯಾ ಮಕ್ಕಳ ಮನೆಗೆ ಹೋಗಿ, ತಾಯಿತಂದೆಯ ಒಪ್ಪಿಗೆ ಕೇಳಿಯೇ ತಂದಿದ್ದಳು. ನಾಲ್ಕು ಹೆಸರು ಎರಡರಲ್ಲೂ ಇದ್ದವು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮನೆ ಗೋಡೆ ಬಣ್ಣದಲ್ಲೂ ಸೀಸ ಇರತ್ತೆ, ನೀರಿನ ಪೈಪಲ್ಲೂ ಇರತ್ತೆ. ನಮ್ಮ ಕಡೆಯಿಂದ ಅಂತ ಹೇಗೆ ಹೇಳ್ತೀರಿ? ನಮ್ಮ ಆಫೀಸಿಗೆ ಬಂದಿರೋ ಚೀಟಿ ಎಲ್ಲಾ ಸರಿಯಾಗಿದಾವೆ. ಅವನ್ನ ತೋರಿಸೋ ಹಾಗೂ ಇಲ್ಲ. ಕೆಲಸಗಾರರ ಖಾಸಗಿ ವಿಷಯ ಅದು."

"ಅದು ನಿಜ," ಎಂದಳು ನರ್ಸಕ್ಕ. "ಒಬ್ಬರ ರಕ್ತದ ಲೆಕ್ಕಾನ ಅವರನ್ನ ಕೇಳದೆ ಯಾರೂ ಕೊಡಬಾರದು."

ಮೂರನೆಯ ಪಟ್ಟಿ ಇಡಬೇಕಾದ ಡೆಸ್ಕು ಖಾಲಿಯಿತ್ತು. ಮಾತಾಡಿದರೆ ಮೇಸ್ತ್ರಿಗಿರಿ ಹೋಗುತ್ತದೆ, ಜೊತೆಯವರ ಕಣ್ಣಲ್ಲಿ ದ್ರೋಹಿಯಾಗುತ್ತೇನೆ ಎಂದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿದ್ದರೆ ಮಗಳು ಆಸ್ಪತ್ರೆಯಿಂದ ಅದೇ ಧೂಳಿಗೆ ವಾಪಸು ಬರುತ್ತಾಳೆ ಎಂಬುದೂ ಗೊತ್ತಿತ್ತು. ಅವನು ಎದ್ದು ಚೀಟಿಯನ್ನು ಖಾಲಿ ಡೆಸ್ಕಿನ ಮೇಲೆ ಬಿಡಿಸಿಟ್ಟ.

"ಇದು ನನ್ನದು ಸಾರ್. ನನ್ನದನ್ನ ನಾನು ಕೊಡಬಹುದಲ್ಲ. ಹೆಚ್ಚಿರೋ ಚೀಟಿ ಯಾವುದೂ ನಿಮ್ಮ ಆಫೀಸಿಗೆ ಬಂದಿಲ್ಲ. ನಾನೇ ತಡೀತಿದ್ದೆ."

"ನೀನಾ?" ಮ್ಯಾನೇಜರ ಮುಖ ಕೆಂಪಾಯಿತು. "ನಿನ್ನ ನಂಬಿ ವಿಭಾಗ ಬಿಟ್ಟುಕೊಟ್ಟಿದ್ನಲ್ಲಯ್ಯಾ!"

"ನಮ್ಮೋರ ಹೊಟ್ಟೆ ಮೇಲೆ ಹೊಡೀಬಾರದು ಅಂತ ಮಾಡಿದೆ. ನನ್ನ ಮಗಳ ತಲೆ ಮೇಲೇ ಹೊಡೆದುಬಿಟ್ಟೆ. ಶಿಕ್ಷೆ ಏನಿದ್ರೂ ಕೊಡಿ ಸಾರ್. ಆದ್ರೆ ಧೂಳು ಮನೆಗೆ ಹೋಗೋದನ್ನ ನಿಲ್ಲಿಸಿ."

ನರ್ಸಕ್ಕ ಅವನ ಚೀಟಿ ಓದಿ ಮೆಲ್ಲಗೆ ಕೇಳಿದಳು. "ಕೆಲಸ ಮುಗಿದ ಮೇಲೆ ಸ್ನಾನ ಮಾಡಿ ಬಟ್ಟೆ ಬದಲಾಯಿಸಕ್ಕೆ ಅಲ್ಲಿ ಕೋಣೆ ಇಲ್ವಾ?"

"ಇದೆ," ಎಂದರು ಮ್ಯಾನೇಜರು.

"ಮತ್ತೆ ಯಾಕೆ ಬಳಸ್ತಿಲ್ಲ?"

ಮ್ಯಾನೇಜರು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ನೆಲ ನೋಡಿದ. ಹೇಳಲೇಬೇಕಿತ್ತು.

"ಅದರ ತುಂಬಾ ಶಾಲೆಗೆ ಕೊಡೋ ಚೀಲದ ಪೆಟ್ಟಿಗೆಗಳಿವೆ. ಎರಡು ವರ್ಷದಿಂದ ಅದೇ ಗೋಡೌನು. ಮಧ್ಯಾಹ್ನದ ಮೇಲೆ ನೀರೂ ಬರಲ್ಲ."

ಹೆಡ್‌ಮಾಸ್ತರರ ಕೈ ಟೈ ಮೇಲೆ ಹಾಗೇ ನಿಂತಿತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತು ಎಲ್ಲರ ತಲೆಯಲ್ಲೂ ಹಾದುಹೋಗಿರಬೇಕು, ಬಾಯಿಬಿಟ್ಟು ಯಾರೂ ಹೇಳಲಿಲ್ಲ. "ನಮ್ಮದೂ ತಪ್ಪೇ," ಎಂದರು ಹೆಡ್‌ಮಾಸ್ತರು. "ನಮಗೆ ಏನು ಬೇಕು ಅಂತ ನೀವು ಕೇಳಲಿಲ್ಲ. ಕೊಟ್ಟಿದ್ದನ್ನ ತೊಗೊಂಡು ನಾವೂ ಸುಮ್ಮನಿದ್ವಿ." ಮ್ಯಾನೇಜರು ಕ್ಯಾಮೆರಾದವನನ್ನು ಹೊರಗೆ ಕಳಿಸಿ, ಜೇಬಿನಿಂದ ಪೆನ್ನು ತೆಗೆದು, "ಬರ್ಕೋತೀನಿ, ಹೇಳಿ," ಎಂದರು. ಆ ಊರಿನ ಪಾಲುದಾರಿಕೆ ಶುರುವಾದದ್ದು ನಿಜವಾಗಿ ಆ ಶನಿವಾರ ಮಧ್ಯಾಹ್ನ.

ಸಂಸ್ಥೆ ನೋಡಿಕೊಳ್ಳುತ್ತದೆ ಎಂದು ಆ ದಿನ ಯಾರೂ ಬರೆಯಲಿಲ್ಲ. ಯಾವ ಕೆಲಸ, ಯಾರು ಮಾಡುವುದು, ಯಾವ ತಾರೀಖಿನೊಳಗೆ ಎಂದು ಒಬ್ಬೊಬ್ಬರ ಹೆಸರು ಹಾಕಿ ಬರೆದರು. ಸ್ನಾನದ ಕೋಣೆ ತೆರವು ಮಾಡಿಸುವುದು ಮ್ಯಾನೇಜರ ಪಾಲಿಗೆ, ಹತ್ತು ದಿನ. ಕೆಲಸದ ಬಟ್ಟೆ ಅಲ್ಲೇ ಒಗೆಯಬೇಕು, ಮನೆಗೆ ಹೋಗಕೂಡದು. ಪ್ಯಾಕಿಂಗಿಗೆ ಹೋದವರ ಸಂಬಳ ಇಳಿಯಕೂಡದು, ಇಲ್ಲದಿದ್ದರೆ ಚೀಟಿ ಮತ್ತೆ ಬಚ್ಚಿಡುತ್ತಾರೆ ಎಂದು ಮೇಸ್ತ್ರಿ ಪಟ್ಟು ಹಿಡಿದ. ಮ್ಯಾನೇಜರು ಮೇಲಿನವರನ್ನು ಕೇಳಿ ಒಪ್ಪಿಸುವುದಾಗಿ ಬರೆದುಕೊಂಡರು. ನಗರಸಭೆಯ ನೀರಿನವರ ಬೆನ್ನು ಹತ್ತುವುದು ನರ್ಸಕ್ಕನ ಕೆಲಸ. ಕೆಲಸಗಾರರ ಮಕ್ಕಳ ರಕ್ತ ಪರೀಕ್ಷೆಯೂ ಅವಳದೇ. ಟೀಚರು ಆ ಮಕ್ಕಳಿಗೆ ದಿನಾ ಒಂದು ಗಂಟೆ ಬೇರೆ ಕೂರಿಸಿಕೊಂಡು ಕಲಿಸುವುದು, ಊಟಕ್ಕೆ ಮೊದಲು ಎಲ್ಲ ಮಕ್ಕಳ ಕೈ ತೊಳೆಸುವುದು. ತಿಂಗಳ ಮೊದಲ ಸೋಮವಾರ ಇದೇ ಡೆಸ್ಕಿನ ಸುತ್ತ ಸೇರುವುದು.

ಎಲ್ಲ ನೆಟ್ಟಗೆ ನಡೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡನೇ ತಿಂಗಳು ಮ್ಯಾನೇಜರು ಬರಲೇ ಇಲ್ಲ. ನರ್ಸಕ್ಕ ಹೋಗಿ ಕಾರ್ಖಾನೆಯ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಎರಡು ಗಂಟೆ ಕೂತಳು. ಮೂರನೇ ತಿಂಗಳು ಪರೀಕ್ಷೆಯ ಗಡಿಬಿಡಿಯಲ್ಲಿ ಶಾಲೆಯವರೇ ಮರೆತರು. ನೀರಿಗೆ ನಾಲ್ಕು ತಿಂಗಳು ಹಿಡಿಯಿತು, ಅಲ್ಲಿಯವರೆಗೆ ಟ್ಯಾಂಕರು. ಮೇಸ್ತ್ರಿಯನ್ನು ಪ್ಯಾಕಿಂಗಿಗೆ ಹಾಕಿದರು. ಜೊತೆಯವರಲ್ಲಿ ಕೆಲವರು ಒಂದು ತಿಂಗಳು ಅವನ ಮುಖ ನೋಡಲಿಲ್ಲ. ಅವರ ಮಕ್ಕಳ ವರದಿ ಒಂದೊಂದಾಗಿ ಬಂದ ಮೇಲೆ ಒಬ್ಬೊಬ್ಬರೇ ಬಂದು ಅವನ ಪಕ್ಕದಲ್ಲಿ ಕೂತರು. ರಕ್ತದಲ್ಲಿ ಸೀಸ ಇಳಿದ ಮೇಲೆ ಅವನನ್ನು ಧೂಳಿಲ್ಲದ ಕೆಲಸಕ್ಕೆ ಹಾಕಿದರು: ಹೊಸದಾಗಿ ಸೇರುವವರಿಗೆಲ್ಲ ಮೊದಲ ದಿನ ಕೆಲಸದ ರೀತಿ ತೋರಿಸಿಕೊಡುವುದು.

ಗಿಣಿ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಳು. ಎಂಟು ತಿಂಗಳಾದ ಮೇಲಿನ ರಕ್ತಪರೀಕ್ಷೆಯಲ್ಲಿ ಸೀಸ ಅರ್ಧಕ್ಕಿಂತ ಕೆಳಗಿಳಿದಿತ್ತು. ಹೊಟ್ಟೆ ನೋವು ಹೋಯಿತು, ಹರಟೆ ಸ್ವಲ್ಪ ಸ್ವಲ್ಪವೇ ವಾಪಸು ಬಂತು. ಅಕ್ಷರ ಮಾತ್ರ ಕಷ್ಟಪಟ್ಟೇ ಕೂಡಿಸುತ್ತಿದ್ದಳು.

"ಹೋಗಿದ್ದು ಪೂರ್ತಿ ವಾಪಸು ಬರತ್ತಾ ನರ್ಸಕ್ಕ?" ಎಂದು ಮೇಸ್ತ್ರಿ ಒಂದು ದಿನ ಕೇಳಿದ.

ಅವಳು ಸುಳ್ಳು ಹೇಳಲಿಲ್ಲ. "ಪೂರ್ತಿ ಬರಲ್ಲ. ಇನ್ನು ಹೋಗದ ಹಾಗೆ ನೋಡ್ಕೋಬಹುದು. ಕಲಿಸಿದಷ್ಟು ಕಲೀತಾಳೆ. ಬೇರೆ ಮಕ್ಕಳಿಗೆ ಆಗದ ಹಾಗೆ ತಡೀಬಹುದು."

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎಂದಳು ಅಜ್ಜಿ, ಕಣ್ಣೊರೆಸಿಕೊಂಡು. ಮೇಸ್ತ್ರಿ ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಸೀಸದ ವಿಭಾಗಕ್ಕೆ ಇಪ್ಪತ್ತೈದರ ಹರೆಯದ ಒಬ್ಬ ಹೊಸ ಕೆಲಸಗಾರ ಬಂದ. ಇಸ್ತ್ರಿ ಹಾಕಿದ ಅಂಗಿ, ಮೊದಲ ದಿನದ ಹುರುಪು. "ಯಂತ್ರ ಎಲ್ಲಿದೆ ಸಾರ್?" ಎಂದು ಕೇಳಿದ. ಮೇಸ್ತ್ರಿ ಅವನನ್ನು ಯಂತ್ರದ ಹತ್ತಿರ ಒಯ್ಯಲಿಲ್ಲ. ಸ್ನಾನದ ಕೋಣೆಗೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿ ನೀರು ಬರುವುದನ್ನು ತೋರಿಸಿದ. ಬೆಂಚಿನ ಮೇಲೆ ಕೂರಿಸಿ ಫಾರಂ ತೆಗೆದ. ಅದರಲ್ಲಿ ವಯಸ್ಸು, ವಿಳಾಸಕ್ಕಿಂತ ಮೇಲೆ ಒಂದು ಸಾಲಿತ್ತು. ಅದನ್ನು ಸೇರಿಸಿದ್ದು ಸೋಮವಾರದ ಸಭೆ.

"ಮನೇಲಿ ಚಿಕ್ಕ ಮಕ್ಕಳಿದಾರಾ?"

"ಒಂದಿದೆ ಸಾರ್. ಆರು ತಿಂಗಳು. ಯಾಕೆ?"

ಮೇಸ್ತ್ರಿ ಪೆನ್ನು ಕೆಳಗಿಟ್ಟ.

"ನನಗೊಬ್ಬಳು ಮಗಳಿದಾಳೆ," ಎಂದ. "ಅವಳಿಗೆ ನಾನೇನು ಮಾಡಿದೆ ಅಂತ ಹೇಳ್ತೀನಿ, ಕೇಳು."

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಊರಿನಲ್ಲೂ ಶಾಲೆಯಿದೆ, ದುಡಿಯುವ ಜಾಗವಿದೆ, ಆರೋಗ್ಯ ಕೇಂದ್ರವಿದೆ. ಒಂದೊಂದರ ಹತ್ತಿರವೂ ಅರ್ಧರ್ಧ ವಿಷಯವಿದೆ. ಅವರನ್ನು ಒಂದು ಮೇಜಿನ ಸುತ್ತ ಕೂರಿಸಿ. ನೀವು ತಾಯಿಯಾಗಿದ್ದರೆ ಟೀಚರನ್ನು ಕೇಳಿ, ಕೆಲಸಗಾರರಾಗಿದ್ದರೆ ಮ್ಯಾನೇಜರನ್ನು ಕೇಳಿ, ಮ್ಯಾನೇಜರಾಗಿದ್ದರೆ ಉಡುಗೊರೆ ಕಳಿಸುವ ಮೊದಲು ನೀವೇ ಹೋಗಿ ಕೇಳಿ: ನಿಮಗೆ ಏನು ಗೊತ್ತಾಗಿದೆ, ಏನು ಗೊತ್ತಾಗುತ್ತಿಲ್ಲ, ನಾನು ಏನು ಮಾಡಲಿ? ಉತ್ತರವನ್ನು ಹೆಸರು, ತಾರೀಖು ಹಾಕಿ ಬರೆದುಕೊಳ್ಳಿ. ಒಬ್ಬರ ಆರೋಗ್ಯದ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹೇಳಬೇಡಿ, ನಿಮ್ಮದನ್ನು ಹೆದರಿ ಮುಚ್ಚಿಡಬೇಡಿ. ಒಂದು ತಿಂಗಳು ಸಭೆ ತಪ್ಪಿದರೆ ಮುಂದಿನ ತಿಂಗಳು ಮತ್ತೆ ಕರೆಯಿರಿ. ಯಾರೂ ಕರೆಯದಿದ್ದರೆ ನೀವೇ ಕರೆಯಿರಿ, ಈ ವಾರವೇ. ಇವತ್ತು ಸಂಜೆಯೂ ನಿಮ್ಮ ಬೀದಿಯಲ್ಲಿ ಯಾವುದೋ ಮಗು ಕೆಲಸದಿಂದ ಬರುವ ಅಪ್ಪನಿಗಾಗಿ ಬಾಗಿಲಲ್ಲಿ ಕಾಯುತ್ತಿದೆ.